ಬೀಗದ ಕೈ ಯಾರ ಹತ್ರ?

ಡಿಸೆಂಬರ್ 3, ಬುಧವಾರ

ಶಶಿ, ಹೇಗಿದೀಯೇ? ನಿಮ್ಮ ಯಜಮಾನರು ಆನಂದ್ ಅವರ ಬೆನ್ನುನೋವು ಹತೋಟಿಗೆ ಬಂತಾ? ನಿಮ್ಮತ್ತೆ ಯಶೋದಮ್ಮನವರು ಕಣ್ಣಿನ ಆಪರೇಷನ್ ಆದಮೇಲೆ ಅಕ್ಕಿಯಲ್ಲಿ ಕಲ್ಲು ಆರಿಸ್ತಿದಾರೆ ಅಂದಿದ್ದೆ, ಈಗ ಸೂಜಿಗೂ ದಾರ ಪೋಣಿಸ್ತಾರಾ? ನಿನ್ನ ಮಗಳು ಲಕ್ಷ್ಮಿಗೆ ವಾಂತಿ ನಿಂತಿತಾ? ಬಸುರಿ ಹುಡುಗಿ, ಹುಣಸೆಹಣ್ಣು ಮುಟ್ಟಬೇಡ ಅಂತ ಗದರಬೇಡ, ತಿನ್ನಲಿ ಬಿಡು.

ಇಷ್ಟೆಲ್ಲ ಕೇಳಿದೆ, ಆದರೆ ಇದು ನಿನಗೆ ಹಾಕುವ ಕಾಗದ ಅಲ್ಲ. ಒಡವೆ ಅಂಗಡಿಯವರು ಕೊಟ್ಟ ಡೈರಿ, ವರ್ಷವೆಲ್ಲ ಖಾಲಿ ಬಿದ್ದಿತ್ತು. ಅಕ್ಕನಾಗಿಯೂ ನಿನ್ನ ಸ್ಕೂಲ್ ಪುಸ್ತಕ ಇಣುಕಿ ನೋಡಿ ಅಕ್ಷರ ಕಲಿತವಳು ನಾನು, ನಿನ್ನ ಹೆಸರು ಬರೆಯದೆ ಪೆನ್ನು ಮುಂದಕ್ಕೇ ಹೋಗಲ್ಲ. ಅದಕ್ಕೆ ನಿನಗೆ ಬರೆದ ಹಾಗೆ ಬರೆದು ನನ್ನ ಹತ್ರವೇ ಇಟ್ಟುಕೊಳ್ತೀನಿ. ಇದು ಫೋನಿನಲ್ಲಿ ಹೇಳೋ ವಿಷಯವೂ ಅಲ್ಲ. ನೀನು ಸ್ಪೀಕರ್ ಹಾಕಿ ಮನೆಮಂದಿಗೆಲ್ಲ ಕೇಳಿಸ್ತೀಯ.

ಮತ್ತೆ ಜ್ವರ ಬಂದಿತ್ತು. ಎಲ್ಲಿ ನೋವು ಅಂತ ಡಾಕ್ಟರಮ್ಮ ಕೇಳಿದರು. ಹೊಟ್ಟೆ ಅಂದೆ. ಮೇಲಾ, ಕೆಳಗಾ ಅಂದರು. ತಲೆ ತಗ್ಗಿಸಿದೆ.

"ದಿನಕ್ಕೆ ಎಷ್ಟು ನೀರು ಕುಡೀತೀರಾ ಅಮ್ಮ?"

"ಬೆಳಗ್ಗೆ ಕಾಫಿ ಕುಡೀತೀನಿ."

"ಕಾಫಿ ಅಲ್ಲ, ನೀರು."

ಅವರು ಹೊಟ್ಟೆಗೆ ಎಕ್ಸ್‌ರೇ ಬರೆದುಕೊಟ್ಟರು. ತೆಗೆಸಿ ತಂದಮೇಲೆ ಅದನ್ನು ನೋಡಿ ಹೇಳಿದರು, "ಇದು ಎರಡನೇ ಸಲ. ಮೂರನೇ ಸಲ ಬಂದ್ರೆ ಮಾತ್ರೆಗೆ ಬಗ್ಗಲ್ಲ, ಆಸ್ಪತ್ರೆಗೆ ಸೇರಿಸಬೇಕಾಗುತ್ತೆ. ಕಿಡ್ನಿ ವಿಷಯ. ಹಗಲೆಲ್ಲ ನೀರು ಕುಡೀಬೇಕು. ಆಗಲ್ಲ ಅಂದ್ರೆ ಬೀದಿ ವ್ಯಾಪಾರ ಬಿಟ್ಟು ಮನೇಲಿ ಕೂತ್ಕೊಳ್ಳಿ."

ಕುಡಿದರೆ ಹೋಗಬೇಕಲ್ಲ ಶಶಿ. ಎಲ್ಲಿಗೆ ಹೋಗಲಿ? ಬೆಳಗ್ಗೆ ವಿಜಯನಗರದ ಮಾರ್ಕೆಟ್ ರಸ್ತೆಯಲ್ಲಿ ರಂಗೋಲಿ ಪುಡಿ, ಅಚ್ಚು, ಕುಂಕುಮ ಹರಡಿಕೊಂಡು ಕೂತರೆ ಏಳೋದು ದೀಪ ಹಚ್ಚಿದ ಮೇಲೆ. ಎದುರಿಗೇ ಹೆಂಗಸರಿಗೆ ಅಂತ ಗುಲಾಬಿ ಬಣ್ಣದ ಕಟ್ಟಡ ಕಟ್ಟಿದಾರೆ. ಯುಗಾದಿ ಆದಮೇಲೆ ರಿಬ್ಬನ್ ಕತ್ತರಿಸಿದರು. ಬಾಗಿಲ ಮುಂದೆ ರಂಗೋಲಿ ಹಾಕಿದ್ದು ನಾನೇ. ಫೋಟೊ ಹಿಡಿಸಿಕೊಂಡರು, ಲಾಡು ಹಂಚಿದರು, ಬೀಗ ಹಾಕಿಕೊಂಡು ಹೋದರು. ಇವತ್ತಿನವರೆಗೆ ತೆಗೆದಿಲ್ಲ.

ಡಿಸೆಂಬರ್ 6, ಶನಿವಾರ

ಸೀರೆ ಅಂಗಡಿಯವರು ಮುಂಚೆಯೆಲ್ಲ ಹಿಂದುಗಡೆ ಹೋಗಿಬರೋಕೆ ಬಿಡ್ತಿದ್ದರು. ಇವತ್ತು ಹುಡುಗಿ ಅಡ್ಡ ನಿಂತಳು. "ಸ್ಟಾಫ್‌ಗೆ ಮಾತ್ರ ಆಂಟಿ, ಓನರ್ ಬೈತಾರೆ." ಅವಳ ತಪ್ಪೇನಿಲ್ಲ.

ಪಕ್ಕದಲ್ಲಿ ಜೋಳದ ರೊಟ್ಟಿ ಮಾರುವ ಹೊನ್ನವ್ವ ನನ್ನ ಮುಖ ನೋಡಿ ನಕ್ಕಳು. "ಅಕ್ಕಾರ, ನಾ ಅಂತೂ ಬಾಯಿಗೆ ನೀರು ಹಾಕಿ ಮುಕ್ಕಳಿಸಿ ಉಗಳ್ತೀನಿ. ನಾಲಗಿಗೆ ಕುಡದಂಗ ಆಗ್ತದ, ಹೊಟ್ಟಿಗೆ ಗೊತ್ತಾಗಂಗಿಲ್ಲ." ನನಗೂ ನಗು ಬಂತು.

ಡಿಸೆಂಬರ್ 9, ಮಂಗಳವಾರ

ವಾರ್ಡ್ ಆಫೀಸಿಗೆ ಹೋದೆ. ಹೊನ್ನವ್ವನ ವಠಾರದಲ್ಲಿ ಬಾಡಿಗೆಗಿರುವ ಶಿಲ್ಪಾ ತನ್ನ ಗಾಡಿಯಲ್ಲಿ ಕೂರಿಸಿಕೊಂಡು ಹೋದಳು. ಊಟದ ಪಾರ್ಸೆಲ್ ಮನೆಮನೆಗೆ ತಲುಪಿಸುವ ಕೆಲಸ ಅವಳದ್ದು, ಕಲಬುರಗಿ ಕಡೆಯ ಹುಡುಗಿ. ರಾಜಾಜಿನಗರದಿಂದ ಕೆಂಗೇರಿ ತನಕ ಎಲ್ಲೆಲ್ಲಿ ಬಾಗಿಲು ತೆಗೆದಿರುತ್ತೆ, ಎಲ್ಲೆಲ್ಲಿ ಹೆಣ್ಣುಮಕ್ಕಳನ್ನ ಓಡಿಸ್ತಾರೆ ಅಂತ ಅವಳಿಗೆ ಬಾಯಿಪಾಠ.

ಗುಮಾಸ್ತರು ಕಂಟ್ರಾಕ್ಟರನ್ನು ಕೇಳಿ ಅಂದರು. ಕಂಟ್ರಾಕ್ಟರಿಗೆ ಶಿಲ್ಪಾ ಫೋನ್ ಮಾಡಿದರೆ, ಬೀಗದ ಕೈ ಆಫೀಸಿಗೆ ಕೊಟ್ಟಾಗಿದೆ ಅಂದ. ಇಂಜಿನಿಯರ್ ಸಾಹೇಬರು ರೂಮಿನಿಂದ ಹೊರಗೆ ಬಂದು ಕೇಳಿದರು, "ಏನಮ್ಮ ನಿಮ್ಮ ಪ್ರಾಬ್ಲಂ?"

ಎಲ್ಲರೂ ಗಂಡಸರೇ ಇದ್ದರು ಶಶಿ. "ಏನಿಲ್ಲ ಸಾರ್, ಆ ಕಟ್ಟಡ ತೆಗೆಸಿದ್ರೆ ಅನುಕೂಲ ಆಗ್ತಿತ್ತು" ಅಂದೆ. "ನೋಡೋಣ" ಅಂತ ಹೋದರು.

ಹೊರಗೆ ಬಂದಮೇಲೆ ಶಿಲ್ಪಾ ಗಾಡಿ ಸ್ಟಾರ್ಟ್ ಮಾಡಲಿಲ್ಲ. "ಅಮ್ಮಾರ, ಅನುಕೂಲ ಅಂದ್ರ ಅವ್ರಿಗೇನು ತಿಳೀತದ್ರಿ? ಮದುವಿ ಛತ್ರಾನೂ ಅನುಕೂಲನ ಅದ."

ನಿನಗೂ ಹೇಳಲಾರದ್ದನ್ನು ಅಲ್ಲಿ ಹೇಗೆ ಹೇಳಲಿ?

ಡಿಸೆಂಬರ್ 11, ಗುರುವಾರ

ಶಿಲ್ಪಾ ನಮ್ಮ ಮನೆಗೆ ಬಂದಿದ್ದಳು. ಫೋನಿನಲ್ಲಿ ಯಾವುದೋ ಊರಿನ ಗೋಡೆಗಳನ್ನು ತೋರಿಸಿದಳು. ಹಾಳೆಯಲ್ಲಿ ಚಿತ್ರ ಕೊರೆದು, ಗೋಡೆಗೆ ಒತ್ತಿ ಹಿಡಿದು, ಮೇಲೆ ಬಣ್ಣ ಉಗ್ಗಿದರೆ ಚಿತ್ರ ಮೂಡುತ್ತೆ. ಒಂದೇ ಹಾಳೆಯಿಂದ ಎಷ್ಟು ಗೋಡೆಗೆ ಬೇಕಾದರೂ.

"ಇದರಲ್ಲಿ ಹೊಸದೇನು?" ಅಂದೆ. "ರಂಗೋಲಿ ಅಚ್ಚೇ ತಾನೇ ಇದು. ನಮ್ಮ ಯಜಮಾನರು ಜೀವನವೆಲ್ಲ ತಗಡು ಕೊರೆದು ಮಾಡಿದ್ದು ಇದನ್ನೇ."

"ಅದಕ್ಕ ನಿಮ್ಮ ಹಂತೇಕ ಬಂದೀನ್ರಿ."

ಬೀಗದ ಚಿತ್ರ ಹಾಕೋಣ ಅಂತ ಅವಳು, ಕೆಳಗೆ ಒಂದು ಮಾತು ಇರಲಿ ಅಂತ ನಾನು. ಕೀಲಿಕೈ ಅಂತ ಬರೆಯೋಕೆ ಹೊರಟಳು. ಇಲ್ಲಿ ಬೀಗದ ಕೈ ಅಂತಾರೆ ಕಣೇ ಅಂದೆ. ಗಟ್ಟಿ ಹಾಳೆ ಬೇಕಿತ್ತು, ನೆನೆದರೂ ಸುಕ್ಕಾಗದಂಥದ್ದು. ಮನೆಯಲ್ಲಿ ಅಂಥದ್ದು ಒಂದೇ ಇತ್ತು, ನನ್ನ ಎಕ್ಸ್‌ರೇ. ಬೆಳಕಿಗೆ ಹಿಡಿದು ನೋಡಿದಳು. "ನಿಮ್ಮ ಬೆನ್ನೆಲುಬು ನೆಟ್ಟಗ ಅದ ಬಿಡ್ರಿ" ಅಂದಳು. ಅದರ ಮೇಲೇ ಬ್ಲೇಡು ಹಾಕಿದಳು.

ಡಿಸೆಂಬರ್ 13, ಶನಿವಾರ

ಬೆಳಕು ಹರಿಯುವಾಗ ಶಿಲ್ಪಾ ಹೂವಿನ ಮಂಡಿಯ ಪಕ್ಕದ ಗೋಡೆಗೆ ಹೊಡೆದಳು. ನಾನು ದೂರ ನಿಂತಿದ್ದೆ, ಸಂಬಂಧವೇ ಇಲ್ಲದವಳ ಹಾಗೆ.

ಹತ್ತು ಗಂಟೆ ಹೊತ್ತಿಗೆ ಒಬ್ಬ ಆಟೋದವನು ಬಂದು ನನ್ನನ್ನೇ ಕೇಳಿದ. "ಆಂಟಿ, ಇಲ್ಲೆಲ್ಲಾದ್ರೂ ಹೊಸ ಗ್ಯಾಸ್ ಏಜೆನ್ಸಿ ಓಪನ್ ಆಗಿದ್ಯಾ? ಗೋಡೆ ಮೇಲೆ ಸಿಲಿಂಡರ್ ಬರೆದಿದಾರಲ್ಲ."

ಹೋಗಿ ನೋಡಿದೆ. ಬೀಗದ ಕೊಂಡಿಯ ಒಳಗಿನ ತೂತು ಉಳಿದೇ ಇಲ್ಲ. ಸುತ್ತಲೂ ಕೊರೆದರೆ ನಡುವಿನ ತುಂಡು ಕಳಚಿ ಬೀಳುತ್ತೆ ತಾನೇ, ಬಿದ್ದು ಹೋಗಿ ಪೂರ್ತಿ ಕಪ್ಪಾಗಿದೆ. ಅಪ್ಪಟ ಸಿಲಿಂಡರ್. ಅಕ್ಷರಗಳ ಹೊಟ್ಟೆಯೂ ತುಂಬಿಕೊಂಡು ಓದೋಕೆ ಬರಲ್ಲ. ಹೊನ್ನವ್ವ ರೊಟ್ಟಿ ಬುಟ್ಟಿ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು.

ಸಂಜೆ ಶಿಲ್ಪಾ ಪೆಚ್ಚು ಮುಖ ಹಾಕಿಕೊಂಡು ಬಂದಳು. ಬಿದ್ದ ತುಂಡುಗಳನ್ನು ಸಣ್ಣ ಪಟ್ಟಿ ಇಟ್ಟು ಮತ್ತೆ ಸೇರಿಸೋದು ಹೇಗೆ ಅಂತ ಇಬ್ಬರೂ ಕೂತು ಯೋಚನೆ ಮಾಡಿದೆವು. ನಾನು ಅಂಟಿಸಿದೆ, ಅವಳು ಕೊರೆದಳು. ಬೀಗ ಬೀಗದ ಹಾಗಾಯಿತು.

ಡಿಸೆಂಬರ್ 14, ಭಾನುವಾರ

ನಡು ನೋಯ್ತಾ ಇದೆ. ನೀರು ಕುಡಿದಿಲ್ಲ.

ಡಿಸೆಂಬರ್ 17, ಬುಧವಾರ

ಧನುರ್ಮಾಸ ಶುರುವಾಯಿತು, ವ್ಯಾಪಾರ ಚೆನ್ನಾಗಿದೆ. ಶಿಲ್ಪಾ ಪಾರ್ಸೆಲ್ ಕೊಡೋಕೆ ಹೋದ ಕಡೆಯೆಲ್ಲ ಹೊಡೆದುಕೊಂಡು ಬಂದಿದಾಳೆ. ಬಸವೇಶ್ವರನಗರದಲ್ಲಿ ಒಂದು ಕಾಂಪೌಂಡು, ಇಲ್ಲಿ ಮೆಟ್ರೊ ಕಂಬದ ಹತ್ರ, ಗುಲಾಬಿ ಕಟ್ಟಡದ ಪಕ್ಕದ ಗೋಡೆಗೆ ಎರಡು. ದಪ್ಪ ಕರೀ ಬೀಗ, ಕೆಳಗೆ "ಬೀಗದ ಕೈ ಯಾರ ಹತ್ರ?"

ಜನ ನಿಂತು ಓದ್ತಾರೆ. ತರಕಾರಿ ಕೊಳ್ಳೋಕೆ ಬಂದ ಯಜಮಾನರೊಬ್ಬರು "ಯಾವುದೋ ಸಿನಿಮಾ ಇರಬೇಕು" ಅಂದರು. ಹೊನ್ನವ್ವ ಕೈ ಮಾಡಿ ಎದುರಿನ ಬಾಗಿಲು ತೋರಿಸಿದಳು. "ಆ ಸಿನಿಮಾದ್ರಿ. ಯುಗಾದಿಯಿಂದ ಅದ ರೀಲು." ಅವರು ಬಾಗಿಲು ನೋಡಿದರು, ನಮ್ಮನ್ನು ನೋಡಿದರು, ಕೊತ್ತಂಬರಿ ಸೊಪ್ಪು ಮರೆತು ಹೋದರು.

ಒಂದಕ್ಕೆ ಹೋಗೋಕೆ ಮನೆಗೆ ಓಡಿದ್ದೆ. ಬರುವಷ್ಟರಲ್ಲಿ ನನ್ನ ಜಾಗದಲ್ಲಿ ಪ್ಲಾಸ್ಟಿಕ್ ಬುಟ್ಟಿಯವನು ಕೂತಿದ್ದ. ಎಬ್ಬಿಸೋಕೆ ಜಗಳ ಆಡಬೇಕಾಯಿತು.

ಡಿಸೆಂಬರ್ 19, ಶುಕ್ರವಾರ

ಮಧ್ಯಾಹ್ನ ಪೊಲೀಸ್ ಹುಡುಗಿಯೊಬ್ಬಳು ಬಂದಳು. ಎದೆ ಮೇಲಿನ ಪಟ್ಟಿಯಲ್ಲಿ ವಿಜಯಶ್ರೀ ಅಂತ ಇತ್ತು. ಕೈಯಲ್ಲಿ ಸುರುಳಿ ಸುತ್ತಿದ ಎಕ್ಸ್‌ರೇ.

"ಇಲ್ಲಿ ಪುಟ್ಟಲಕ್ಷ್ಮಿ ಯಾರು?"

ಬೆಳಗ್ಗೆ ಯಾರೋ ವಾಚ್‌ಮನ್ ಕೂಗಿದನಂತೆ, ಶಿಲ್ಪಾ ಬಣ್ಣದ ಡಬ್ಬಿ ಎತ್ತಿಕೊಂಡು ಓಡಿದಾಳೆ, ಹಾಳೆ ಗೋಡೆಯಲ್ಲೇ ಅಂಟಿಕೊಂಡು ಉಳಿದಿದೆ. ಅದರ ಮೂಲೆಯಲ್ಲಿ ನನ್ನ ಹೆಸರು, ವಯಸ್ಸು, ಕ್ಲಿನಿಕ್ಕಿನ ಹೆಸರು, ಎಲ್ಲಾ ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಇಷ್ಟು ದಿನ ಕೊರೆದೆವು, ಅಂಟಿಸಿದೆವು, ಇಬ್ಬರಿಗೂ ಮೂಲೆ ಕತ್ತರಿಸೋಣ ಅಂತ ಹೊಳೆಯಲಿಲ್ಲ.

ಆ ಹುಡುಗಿ ಕೂತು ಸಣ್ಣ ದನಿಯಲ್ಲಿ ಹೇಳಿದಳು. "ಆಂಟಿ, ಕ್ಲಿನಿಕ್‌ನಲ್ಲೇ ಕಸದ ಬುಟ್ಟಿಗೆ ಹಾಕಿದ್ದೆ, ಯಾರು ಎತ್ಕೊಂಡ್ರೋ ಗೊತ್ತಿಲ್ಲ ಅನ್ನಿ. ಹಾಗೇ ಬರ್ಕೊಂಡು ಹೋಗ್ಬಿಡ್ತೀನಿ."

"ಸುಳ್ಳಾಗುತ್ತಲ್ಲಮ್ಮ. ಹಾಳೆ ಕೊಟ್ಟಿದ್ದು ನಾನೇ. ಮಾತು ಹೇಳಿಕೊಟ್ಟಿದ್ದೂ ನಾನೇ."

"ಬಣ್ಣ ಹೊಡೆದಿದ್ದು?"

"ಅದೂ ನಾನೇ ಅಂತ ಬರ್ಕೋ."

ನಾನು ಮಂಡಿ ಹಿಡಿದುಕೊಂಡು ಏಳೋದನ್ನು ನೋಡಿದಳು. "ಅಷ್ಟೆತ್ತರಕ್ಕೆ? ಏಣಿ ಹತ್ತಿ?"

"ಹೂಂ. ಹತ್ತಿದೆ."

ನಗು ಬಂದು ಟೋಪಿ ಸರಿಮಾಡಿಕೊಂಡಳು.

ಸ್ಟೇಷನ್ನಿನಲ್ಲಿ ದೊಡ್ಡ ಸಾಹೇಬರು, ಗೋಡೆ ಹಾಳುಮಾಡೋದಕ್ಕೆ ಕಾನೂನು ಇದೆ, ವಯಸ್ಸು ನೋಡಿ ಬಿಡ್ತಾ ಇದೀನಿ ಅಂದರು. ಎಲ್ಲಾ ಗೋಡೆಗೂ ಸುಣ್ಣ ಹೊಡೆಯಬೇಕು, ಇನ್ನು ಯಾವ ಗೋಡೆಗೂ ಬಣ್ಣ ಹಚ್ಚಲ್ಲ ಅಂತ ಬರೆದುಕೊಡಬೇಕು. ಬರೆದುಕೊಟ್ಟೆ. ಒಂದೂ ಒತ್ತು ತಪ್ಪಿಲ್ಲದೆ ಬರೆದೆ.

"ಸಾರ್, ಆ ಬೀಗದ ಕೈ ಯಾರ ಹತ್ರ ಇದೆ?" ಅಂತ ಕೇಳಿದೆ.

"ಅದು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲಮ್ಮ."

ವಿಜಯಶ್ರೀ ಗೇಟಿನ ತನಕ ಬಂದಳು. "ಬಂದೋಬಸ್ತ್ ಹಾಕಿದ ದಿನ ನಾವೂ ನೀರು ಕುಡಿಯಲ್ಲ ಆಂಟಿ" ಅಂದಳು, ಬೇರೆಲ್ಲೋ ನೋಡಿಕೊಂಡು.

ಡಿಸೆಂಬರ್ 21, ಭಾನುವಾರ

ಸುಣ್ಣ ಹೊಡೆದು ಮುಗಿಯಿತು. ಶಿಲ್ಪಾ ಅಳುತ್ತಾ ಹೊಡೆದಳು, "ನಾನ ಹೋಗಿ ಹೇಳ್ತೀನ್ರಿ ಸ್ಟೇಷನ್‌ಗೆ" ಅಂತ. ಬೈದು ಸುಮ್ಮನಿರಿಸಿದೆ.

ನೀನು ಫೋನ್ ಮಾಡಿದೆ. ನಾನಿಲ್ಲದಾಗ ನನ್ನ ಫೋನ್ ಎತ್ತಿ ಜ್ವರದ ವಿಷಯ ಹೊನ್ನವ್ವ ನಿನಗೆ ಹೇಳಿಬಿಟ್ಟಿದಾಳೆ. ಅಂಗಡಿ ಎತ್ತಿ ಇಲ್ಲಿಗೇ ಬಂದುಬಿಡು, ಹಿಂದಿನ ರೂಮು ತೆಗೆದಿಡ್ತೀವಿ ಅಂತ ನೀನಂದೆ. ನನ್ನ ದನಿಯಲ್ಲಿ ಏನು ಕೇಳಿಸಿತೋ, ನೀನು ಅತ್ತುಬಿಟ್ಟೆ. ಸಂಕ್ರಾಂತಿಗೆ ಬರ್ತೀನಿ ಅಂತ ನಾನು ಮಾತು ಕೊಟ್ಟೆ. ಕೊಟ್ಟಮೇಲೆ ಅಂಗಡಿಯ ಟಾರ್ಪಾಲು ಮಡಿಸೋಕೆ ಕೈಯೇ ಬರಲಿಲ್ಲ.

ಡಿಸೆಂಬರ್ 26, ಶುಕ್ರವಾರ

ಗೋಡೆಗೆ ಬಣ್ಣ ಹಚ್ಚಲ್ಲ ಅಂತ ತಾನೇ ಬರೆದುಕೊಟ್ಟಿದ್ದು. ನೆಲಕ್ಕೆ ಪುಡಿ ಹಾಕಲ್ಲ ಅಂತ ಬರೆದಿಲ್ಲವಲ್ಲ.

ನಮ್ಮವರ ಉಳಿ, ಸುತ್ತಿಗೆ ಅಟ್ಟದ ಮೇಲಿತ್ತು. ಎಣ್ಣೆಯ ಡಬ್ಬದ ತಗಡು ಬಿಡಿಸಿ, ಬೀಗದ ಗೆರೆಯುದ್ದಕ್ಕೂ ಸಣ್ಣ ಸಣ್ಣ ತೂತು ಹೊಡೆದೆ. ತೂತಿನ ಅಚ್ಚಿಗೆ ನಡುವೆ ಬಿದ್ದುಹೋಗುವಂಥದ್ದು ಏನೂ ಇರಲ್ಲ. ಅಕ್ಷರಗಳು ಚುಕ್ಕಿ ಚುಕ್ಕಿಯಾಗಿ ಚೆಂದ ಬಂದವು. ಶಿಲ್ಪಾ ತಗಡನ್ನು ಬಿಸಿಲಿಗೆ ಹಿಡಿದಳು. ಅವಳ ಮುಖದ ಮೇಲೆಲ್ಲ ಬೀಗ.

ಇವತ್ತು ಬೆಳಗ್ಗೆ ಗುಲಾಬಿ ಕಟ್ಟಡದ ಬಾಗಿಲ ಮುಂದೆ ನೀರು ಚಿಮುಕಿಸಿ, ಗುಡಿಸಿ, ಅಚ್ಚು ಇಟ್ಟು ಪುಡಿ ಎಳೆದೆ. ಸುತ್ತಲೂ ಎಳೆ ಬಿಟ್ಟು ನಾಲ್ಕು ಕಮಲ ಹಾಕಿದೆ. ದೂರ ನಿಲ್ಲಲಿಲ್ಲ, ಅಲ್ಲೇ ಕೂತಿದ್ದೆ.

ರಸ್ತೆ ಗುಡಿಸುವ ದಾನಮ್ಮ ಪೊರಕೆ ಹಿಡಿದು ಬಂದಳು. ನಿಂತು ಓದಿದಳು. ಸುತ್ತಲೂ ಗುಡಿಸಿ, ಕಮಲದ ಅಂಚಿಗೆ ಬಿದ್ದಿದ್ದ ಒಂದು ಎಲೆಯನ್ನು ಕೈಯಲ್ಲಿ ಎತ್ತಿ ಹೋದಳು.

ಜನವರಿ 2, ಶುಕ್ರವಾರ

ಡೈರಿಯಲ್ಲಿ ಡಿಸೆಂಬರ್ ಮುಗಿಯಿತು, ಹಿಂದಿನ ಖಾಲಿ ಪುಟದಲ್ಲಿ ಬರೀತಿದೀನಿ.

ಉಳಿ ಹಿಡಿದು ಹಿಡಿದು ಬೆರಳಿಗೆ ಬೊಬ್ಬೆ ಬಂದಿದೆ. ಅಚ್ಚು ಕೊಡಿ ಅಂತ ಹೆಂಗಸರು ಬರ್ತಾನೇ ಇದಾರೆ. ಹೂವಿನವರು, ಸೊಪ್ಪಿನವರು, ಸೀರೆ ಅಂಗಡಿಯ ಆ ಹುಡುಗಿ ಕೂಡ. ಈಗ ರಸ್ತೆಯುದ್ದಕ್ಕೂ ಅಂಗಡಿ ಬಾಗಿಲುಗಳ ಮುಂದೆ ಬೀಗ ಅರಳಿದೆ. ಕೆಂಗೇರಿ ಹತ್ರದ ಉಲ್ಲಾಳದಲ್ಲೂ ಒಂದು ನೋಡಿದೆ ಅಂತ ಶಿಲ್ಪಾ ಫೋಟೊ ತಂದಳು. ಅದು ನಮ್ಮ ಅಚ್ಚಲ್ಲ, ಯಾರೋ ಕೈಯಲ್ಲೇ ಬಿಡಿಸಿದ್ದು, ಬೀಗದ ಸುತ್ತ ಬಳ್ಳಿ.

ಜನವರಿ 6, ಮಂಗಳವಾರ

ಇಂಜಿನಿಯರ್ ಸಾಹೇಬರು ಜೀಪಿನಲ್ಲಿ ಬಂದರು. ಬಾಗಿಲ ತನಕ ಹೋಗಬೇಕು, ಮುಂದೆ ಪೂರ್ತಿ ರಂಗೋಲಿ. ಬೂಟು ಎತ್ತಿದರು, ಹಿಂದಕ್ಕೆ ಇಟ್ಟರು. ಧನುರ್ಮಾಸದಲ್ಲಿ ರಂಗೋಲಿ ತುಳಿಯೋಕೆ ಯಾರಿಗೆ ಮನಸ್ಸು ಬರುತ್ತೆ?

"ಏಯ್, ಇದನ್ನ ಗುಡಿಸಮ್ಮ" ಅಂದರು ದಾನಮ್ಮನಿಗೆ.

"ಹೊಸಿಲ ರಂಗೋಲಿಗೆ ಪೊರಕೆ ಮುಟ್ಟಿಸಲ್ಲ ಸಾರ್."

"ಹಾಗಾದ್ರೆ ನೀರು ಹಾಕಿ ತೊಳಿ."

"ನೀರು ಎಲ್ಲಿಂದ ತರ್ಲಿ ಸಾರ್? ನಲ್ಲಿ ಒಳಗಿದೆ. ಬಾಗಿಲು ತೆಗೀರಿ, ತೊಳೀತೀನಿ."

ಜನ ಸೇರಿದ್ದರು. ಹೋ ಅಂತ ನಗು ಎದ್ದಿತು. ಸಾಹೇಬರು ಕೆಂಪಾಗಿ ನನ್ನ ಕಡೆ ತಿರುಗಿದರು. ಗುರುತು ಹಿಡಿದರು.

"ಏನಮ್ಮ ನಿಮ್ಮ ಪ್ರಾಬ್ಲಂ?"

"ಉಚ್ಚೆ ಹೊಯ್ಯೋಕೆ ಜಾಗ ಇಲ್ಲ ಸಾರ್" ಅಂದೆ. "ಅದಕ್ಕೆ ನೀರು ಕುಡಿಯಲ್ಲ. ನೀರು ಕುಡಿಯದೆ ಎರಡು ಸಲ ಜ್ವರ ಬಂತು, ಮೂರನೇ ಸಲಕ್ಕೆ ಕಿಡ್ನಿ ಅಂತಾರೆ. ಜಾಗ ಇದೆ, ಎದುರಿಗೇ ಇದೆ, ಬೀಗ ಹಾಕಿದೀರಾ. ಇಷ್ಟೇ ಪ್ರಾಬ್ಲಂ."

ಹಿಂದೆ ಯಾರೋ ಹುಡುಗ ಕಿಸಕ್ಕಂದ. "ನಗಬ್ಯಾಡೋ ತಮ್ಮಾ, ನಿಮ್ಮವ್ವಗೂ ಬರ್ತದ" ಅಂದಳು ಹೊನ್ನವ್ವ. ಆಮೇಲೆ ಯಾರೂ ನಗಲಿಲ್ಲ. "ನಂದೂ ಅದ ಪ್ರಾಬ್ಲಂರಿ ಸಾಹೇಬ್ರ" ಅಂದಳು. "ನಮ್ದೂ" ಅಂದರು ಹೂವಿನವರು. ಜೀಪು ಹಿಂದಕ್ಕೆ ಹೋಯಿತು, ರಂಗೋಲಿ ಬಳಸಿಕೊಂಡು.

ಇವತ್ತು ಬಿಳಿ ಪುಡಿ ಖಾಲಿ. ನಾಳೆ ಇನ್ನೊಂದು ಮೂಟೆ ತರಿಸಬೇಕು.

ಜನವರಿ 13, ಮಂಗಳವಾರ

ಬೀಗ ತೆಗೆಯೋಕೆ ಬಂದರು. ಆಫೀಸಿನವರು ಒಂದು ಗೊಂಚಲು ತಂದರು, ಕಂಟ್ರಾಕ್ಟರ್ ಒಂದು ಗೊಂಚಲು. ಒಂದೊಂದೇ ಹಾಕಿ ತಿರುಗಿಸಿದರು. ಯಾವುದೂ ಹಿಡಿಯಲಿಲ್ಲ. ಇವರು ಅವರ ಹತ್ರ ಇದೆ ಅಂತ, ಅವರು ಇವರ ಹತ್ರ ಇದೆ ಅಂತ ಇಷ್ಟು ದಿನ. ಯಾರ ಹತ್ರಾನೂ ಇರಲಿಲ್ಲ ಶಶಿ. ಕೊನೆಗೆ ವೆಲ್ಡಿಂಗ್ ಅಂಗಡಿಯವನು ಬಂದು ಕತ್ತರಿಸಿದ.

ಒಳಗೆ ಹೊಸ ಪೊರಕೆ ಪ್ಲಾಸ್ಟಿಕ್ಕಿನಲ್ಲೇ ಇತ್ತು. ಮೂಲೆಯಲ್ಲಿ ಅವತ್ತಿನ ಲಾಡಿನ ಡಬ್ಬ. ದಾನಮ್ಮ ನಲ್ಲಿ ತಿರುಗಿಸಿದಳು, ಮೊದಲು ಬರೀ ಗಾಳಿ, ಆಮೇಲೆ ತುಕ್ಕು, ಆಮೇಲೆ ನೀರು.

ಹೊಸ ಬೀಗ ತಂದಿದ್ದರು. ಟೆಂಡರ್ ಆಗೋವರೆಗೆ ಕೈ ಆಫೀಸಿನಲ್ಲಿ ಇರುತ್ತೆ ಅಂದರು ಸಾಹೇಬರು. ಹೆಂಗಸರೆಲ್ಲ ಒಟ್ಟಿಗೆ ಬೇಡ ಅಂದರು. ಪುಟ್ಟಲಕ್ಷ್ಮಮ್ಮನ ಅಂಗಡಿಯಲ್ಲಿ ಇರಲಿ ಅಂದಳು ದಾನಮ್ಮ.

"ಹಾಗೆಲ್ಲ ರೂಲ್ಸ್‌ನಲ್ಲಿ ಇಲ್ಲಮ್ಮ."

"ಬೀಗ ಜಡಿಯೂದು ರೂಲ್ಸ್‌ನಾಗ ಇತ್ತೇನ್ರಿ?" ಅಂದಳು ಹೊನ್ನವ್ವ.

ಸಾಹೇಬರು ರಂಗೋಲಿ ನೋಡಿದರು. ಆಮೇಲೆ ಹೊಸ ಬೀಗದ ಕೈಯನ್ನು ನನ್ನ ಕಡೆ ಚಾಚಿದರು.

ಜನವರಿ 15, ಗುರುವಾರ, ಸಂಕ್ರಾಂತಿ

ಶಶಿ, ಇದು ಕಳಿಸುವ ಕಾಗದ. ಡೈರಿಯ ಹಾಳೆಗಳನ್ನೂ ಹರಿದು ಇದರ ಜೊತೆಗೇ ಇಟ್ಟಿದ್ದೇನೆ, ಮೊದಲಿಂದ ಓದು. ಆನಂದ್ ಅವರಿಗೂ ನಿಮ್ಮತ್ತೆಯವರಿಗೂ ಕೇಳುವ ಹಾಗೆ ಗಟ್ಟಿಯಾಗಿಯೇ ಓದು. ಮಧ್ಯೆ ದನಿ ತಗ್ಗಿಸಬೇಡ.

ಬರ್ತೀನಿ ಅಂತ ಮಾತು ಕೊಟ್ಟಿದ್ದೆ, ಬರಲಾಗಲ್ಲ. ಬೀಗದ ಕೈ ನನ್ನ ಸೆರಗಿನ ಗಂಟಿನಲ್ಲಿದೆ. ಬೆಳಗ್ಗೆ ಹೂವಿನವರು ಬರುವ ಮುಂಚೆ ತೆಗೆಯಬೇಕು, ಎಲ್ಲರೂ ಗಂಟು ಕಟ್ಟಿದ ಮೇಲೆ ಹಾಕಬೇಕು. ನಾನು ಹೊರಟರೆ ತೆಗೆಯೋರು ಯಾರು? ಹಿಂದಿನ ರೂಮು ಲಕ್ಷ್ಮಿಯ ಬಾಣಂತನಕ್ಕೆ ಇರಲಿ. ಮಗು ಹುಟ್ಟಿದಾಗ ಬಂದೇ ಬರ್ತೀನಿ, ಬೀಗದ ಕೈಯನ್ನು ಹೊನ್ನವ್ವನ ಸೆರಗಿಗೆ ಕಟ್ಟಿ.

ಈಗ ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಕೂತಿದೀನಿ. ಮಧ್ಯಾಹ್ನದೊಳಗೆ ಖಾಲಿ ಆಗುತ್ತೆ, ಮತ್ತೆ ತುಂಬಿಸ್ತೀನಿ. ನಿನ್ನೆ ವಿಜಯಶ್ರೀ ಯೂನಿಫಾರ್ಮಿನಲ್ಲೇ ಓಡಿ ಬಂದಳು, ಹೋಗುವಾಗ ಒಂದು ಅಚ್ಚು ಕೇಳಿ ತೆಗೆದುಕೊಂಡಳು. ಯಾವ ಬೀದಿಗೆ ಅಂತ ನಾನು ಕೇಳಲಿಲ್ಲ.

ಎಳ್ಳು-ಬೆಲ್ಲ ಕಳಿಸಿದೀನಿ, ಯಶೋದಮ್ಮನವರಿಗೆ ಕೊಬ್ಬರಿ ಸಣ್ಣಗೆ ಹೆಚ್ಚಿ ಕೊಡು. ಅಂದಹಾಗೆ, ನಿಮ್ಮೂರ ಸಂತೆಮಾಳದ ಹತ್ರ ಹೆಂಗಸರಿಗೆ ಅಂತ ಒಂದು ಕಟ್ಟಿಸಿದ್ದರಲ್ಲ, ಅದು ತೆಗೆದಿರುತ್ತಾ, ಮುಚ್ಚಿರುತ್ತಾ? ಇವತ್ತೇ ಹೋಗಿ ನೋಡು. ಮುಚ್ಚಿದ್ದರೆ ಬೀಗದ ಕೈ ಯಾರ ಹತ್ರ ಅಂತ ವಿಚಾರಿಸಿ ಕೂಡಲೇ ನನಗೆ ಬರಿ. ತಗಡು ಕೊರೆದು ಇಟ್ಟಿರ್ತೀನಿ.

ನಿನ್ನ ಅಕ್ಕ,
ಪುಟ್ಟಲಕ್ಷ್ಮಿ